ಹೊಸ ಗಿಲಾವಿಗೆ ಬಣ್ಣ ಬಳಿಯಬೇಕೆ?

ಹೊಸ ಮನೆಯ ಒಳಗೋಡೆಗಳ ಗಿಲಾವು ಮುಗಿದೊಡನೆ ಬಣ್ಣದ ಮಾತು ಏಳುತ್ತದೆ. ಗೃಹಪ್ರವೇಶ ಸಮೀಪಿಸಿದಂತೆ ಆತುರವೂ ಹೆಚ್ಚುತ್ತದೆ. ಆದರೆ ಗೋಡೆ ಸಿದ್ಧವಾಗಿದೆಯೆ ಎಂಬುದನ್ನು ನಿರ್ಣಯಿಸುವುದು ಮುಹೂರ್ತವಲ್ಲ, ರಸಾಯನಕ್ರಿಯೆ.

ಸಿಮೆಂಟು ನೀರಿನೊಡನೆ ಸಂಯೋಗಗೊಂಡು ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡು, ಎಂದರೆ ಅರಳಿದ ಸುಣ್ಣ, ಉಂಟಾಗುತ್ತದೆ. ಆದುದರಿಂದ ಹಸಿ ಗಿಲಾವು ತೀವ್ರ ಕ್ಷಾರ. ಅದರ ಪಿಎಚ್ ಅಂಕ 12ನ್ನು ಮೀರುತ್ತದೆ. ಅದರ ಮೇಲೆ ಎಣ್ಣೆಬಣ್ಣ ಬಳಿದರೆ ಕ್ಷಾರವು ಎಣ್ಣೆಯನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ಬಣ್ಣ ಮೆತ್ತಗಾಗಿ ಸುಲಿಯುತ್ತದೆ. ಹೊರಬರುವ ತೇವವು ಲವಣಗಳನ್ನೂ ಹೊತ್ತು ತಂದು ಗೋಡೆಯ ಮೇಲೆ ಬಿಳಿಯ ಪುಡಿಯಾಗಿ ಬಿಡುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಬೇಸಿಗೆಯ ಗೋಡೆ ಬೇಗ ಒಣಗುವುದು, ಮುಂಗಾರಿನಲ್ಲಿ ತಡವಾಗುವುದು. 2019ರ ಆಗಸ್ಟಿನಲ್ಲಿ ಘಟಪ್ರಭೆಯ ನೆರೆ ಗೋಕಾಕದ ಮನೆಗಳೊಳಗೆ ನುಗ್ಗಿತು. ಹಾಗೆ ನೀರು ಕುಡಿದ ಹಳೆಯ ಗೋಡೆಯೂ ತೇವದ ಮಟ್ಟಿಗೆ ಹೊಸ ಗೋಡೆಯಂತೆಯೇ; ಒಣಗುವ ತನಕ ಬಣ್ಣವನ್ನು ಹಿಡಿಯದು.

ಪರೀಕ್ಷೆ ಸುಲಭ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚುಗಳನ್ನೂ ಗೋಡೆಗೆ ಭದ್ರವಾಗಿ ಅಂಟಿಸಿ, ಒಂದು ಹಗಲು, ಒಂದು ಇರುಳು ಬಿಡಿರಿ. ಒಳಮೈಯಲ್ಲಿ ಹನಿಗಳು ಕಂಡರೆ ಗೋಡೆಯಲ್ಲಿ ಇನ್ನೂ ತೇವವಿದೆ.

ಅಷ್ಟು ದಿನ ಗೋಡೆ ಬರಿದಾಗಿರಬೇಕೆ? ಬೇಕಿಲ್ಲ. ನಮ್ಮ ಹಿರಿಯರ ಸುಣ್ಣವೇ ಸಾಕು. ಸ್ವತಃ ಕ್ಷಾರವಾದುದರಿಂದ ಗಿಲಾವಿನ ಕ್ಷಾರ ಅದನ್ನು ಕೆಡಿಸದು. ನೀರಾವಿಯನ್ನೂ ಅದು ತಡೆಯದು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲ್ಲಗೆ ಸುಣ್ಣಕಲ್ಲಾಗಿ ಗಟ್ಟಿಗೊಳ್ಳುವುದು. ಗಿಲಾವಿನ ಬಲಕ್ಕೆ ಬಣ್ಣ ಬೇಕಿಲ್ಲ. ಅಂದಕ್ಕೂ ಶುಚಿಗೂ ಬೇಕೆನಿಸಿದರೆ ಮುಂದಿನ ಬೇಸಿಗೆಯಲ್ಲಿ, ಸಡಿಲ ಸುಣ್ಣವನ್ನು ಕೆರೆದು, ಬಳಿಸಬಹುದು. ಕಾಯುವುದಕ್ಕೆ ಖರ್ಚಿಲ್ಲ, ಎರಡು ಸಲ ಬಳಿಸುವುದಕ್ಕೆ ಇದೆ.