ಲೆಕ್ಕದಿಂದ ಲೋಕಸೃಷ್ಟಿ

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮೌಂಟನ್ ವ್ಯೂ ಎಂಬ ಊರಿನಲ್ಲಿ ಗಣಕಯಂತ್ರಗಳ ಚರಿತ್ರೆಯನ್ನು ಹೇಳುವ ವಸ್ತುಸಂಗ್ರಹಾಲಯವೊಂದಿದೆ. ಭಾರಿ ಯಂತ್ರಗಳೊಡನೆ ಅದು ಸಾಧಾರಣವಾದ ಒಂದು ಬಿಳಿಯ ಟೀಪಾಟನ್ನೂ ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ. ಅಂಗಡಿಯಲ್ಲಿ ಕೊಂಡು ಮನೆಯಲ್ಲಿ ಬಳಸಿದ ಪಾತ್ರೆ ಅದು. ಯಂತ್ರಗಳ ಸಾಲಿನಲ್ಲಿ ಅದಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. 1975ರ ಸುಮಾರಿಗೆ ಯೂಟಾ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಮಾರ್ಟಿನ್ ನ್ಯೂವೆಲ್ ಎಂಬವರಿಗೆ ತಮ್ಮ ಪ್ರಯೋಗಕ್ಕಾಗಿ ಒಂದು ವಸ್ತು ಬೇಕಾಗಿತ್ತು. ಮಡದಿಯ ಸಲಹೆಯಂತೆ ಅವರು ಮನೆಯ ಟೀಪಾಟನ್ನೇ ಚೌಕಳಿ ಕಾಗದದ ಮೇಲೆ ಬರೆದುಕೊಂಡು, ಅದರ ಬಾಗುಗಳನ್ನೆಲ್ಲ ಅಂಕಿಗಳಾಗಿ ಮಾರ್ಪಡಿಸಿದರು. ಉಬ್ಬಿದ ಹೊಟ್ಟೆ, ಒಳಗೆ ಬಾಗಿದ ಕೊರಳು, ನಡುವೆ ತೆರಪುಳ್ಳ ಹಿಡಿ, ತನ್ನ ನೆರಳನ್ನು ತನ್ನ ಮೈಮೇಲೆಯೇ ಬೀಳಿಸುವ ಮೂತಿ - ಇವೆಲ್ಲವೂ ಒಂದೇ ವಸ್ತುವಿನಲ್ಲಿ ಕೂಡಿದ್ದುದರಿಂದ, ಗಣಕಯಂತ್ರದಿಂದ ಚಿತ್ರ ಬರೆಯುವ ಹೊಸ ವಿಧಾನಗಳನ್ನು ಒರೆಗೆ ಹಚ್ಚಲು ಈ ಟೀಪಾಟೇ ಪ್ರಪಂಚದಾದ್ಯಂತ ಬಳಕೆಗೆ ಬಂದಿತು.

ಇಂದು ಆಟಗಳಲ್ಲಿಯೂ ಚಲನಚಿತ್ರಗಳಲ್ಲಿಯೂ ನಾವು ಕಾಣುವ ಕಲ್ಪಿತ ನಗರಗಳು, ಕಾಡುಗಳು, ಕಡಲುಗಳು ಮಾಯಾಮಂತ್ರದಿಂದ ಉಂಟಾದುವಲ್ಲ. ಎದುರಿಗಿರುವ ವಸ್ತುವನ್ನು ಅಳೆಯುವುದು, ಆ ಅಳತೆಗಳ ಮೇಲೆ ರೇಖಾಗಣಿತವನ್ನು ಪ್ರಯೋಗಿಸುವುದು - ಈ ಎರಡು ಅಭ್ಯಾಸಗಳೇ ಅವುಗಳ ಅಡಿಪಾಯ. ಈ ವಿದ್ಯೆಯನ್ನು ಕಲಿಯಬಯಸುವ ವಿದ್ಯಾರ್ಥಿ ಮೊದಲು ತಿಳಿಯಬೇಕಾದುದು ಇದನ್ನೇ.

ವಿದ್ಯಾರ್ಥಿಗಳೇ ಕಟ್ಟಿದ ಶಾಸ್ತ್ರ

ಈ ಶಾಸ್ತ್ರದ ಬಹುಭಾಗವನ್ನು ಕಟ್ಟಿದವರು ವಿದ್ಯಾರ್ಥಿಗಳೆಂಬುದು ಗಮನಾರ್ಹವಾದ ಸಂಗತಿ. ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆಯುವ 'ಸ್ಕೆಚ್‌ಪ್ಯಾಡ್' ಎಂಬ ಕ್ರಮವನ್ನು ಐವನ್ ಸದರ್ಲೆಂಡ್ 1963ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧವಾಗಿ ರಚಿಸಿದರು. 1968ರಲ್ಲಿ ಅವರು ಯೂಟಾಕ್ಕೆ ಬಂದು ಅಲ್ಲಿ ಡೇವಿಡ್ ಇವಾನ್ಸರ ಜೊತೆಗೂಡಿದರು. ಈ ಇಬ್ಬರ ಆಶ್ರಯದಲ್ಲಿ ಬೆಳೆದ ತರುಣರ ಹುರುಪು ಎಂಥದೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 1972ರಲ್ಲಿ ವಿದ್ಯಾರ್ಥಿಗಳು ಸದರ್ಲೆಂಡರ ಪತ್ನಿಯ ಫೋಕ್ಸ್‌ವ್ಯಾಗನ್ ಕಾರಿನ ಮೈಮೇಲೆ ಗೆರೆಗಳನ್ನೂ ಚುಕ್ಕೆಗಳನ್ನೂ ಗುರುತುಮಾಡಿ, ಅಳತೆಕೋಲು ಹಿಡಿದು ಒಂದೊಂದು ಚುಕ್ಕೆಯ ಸ್ಥಾನವನ್ನೂ ಬರೆದುಕೊಂಡರು. ಅದೇ ವರ್ಷ ಎಡ್ವಿನ್ ಕ್ಯಾಟ್ಮಲ್ ಎಂಬ ವಿದ್ಯಾರ್ಥಿ ತನ್ನ ಎಡಗೈಯ ಅಚ್ಚು ತೆಗೆದು, ಅದರ ಮೇಲೆ ಸುಮಾರು 350 ತ್ರಿಕೋನಗಳನ್ನೂ ಬಹುಭುಜಗಳನ್ನೂ ಬರೆದು, ಆ ಅಳತೆಗಳಿಂದ ಪರದೆಯ ಮೇಲೆ ಬೆರಳಾಡಿಸುವ ಕೈಯೊಂದನ್ನು ಮೂಡಿಸಿದನು. ಮುಂದೆ ಪಿಕ್ಸಾರ್ ಸಂಸ್ಥೆಯನ್ನು ಸ್ಥಾಪಿಸಿದವರಲ್ಲಿ ಒಬ್ಬನಾಗಿ, 2019ನೆಯ ವರ್ಷದ ಟ್ಯೂರಿಂಗ್ ಪ್ರಶಸ್ತಿಯನ್ನು ಹಂಚಿಕೊಂಡವನು ಈತನೇ.

ದೂರದ್ದು ಚಿಕ್ಕದೇಕೆ?

ಅಳತೆಗಳು ದೊರೆತುವೆನ್ನೋಣ. ಪ್ರತಿಯೊಂದು ಬಿಂದುವಿಗೂ ಮೂರು ಅಂಕಿಗಳುಂಟು: ಬಲಕ್ಕೆ ಎಷ್ಟು, ಮೇಲಕ್ಕೆ ಎಷ್ಟು, ಕಣ್ಣಿನಿಂದ ಮುಂದಕ್ಕೆ ಎಷ್ಟು. ಪರದೆಗಾದರೋ ಅಗಲ ಎತ್ತರಗಳೆರಡೇ ಇವೆ, ಆಳವಿಲ್ಲ. ಮೂರು ಅಂಕಿಗಳನ್ನು ಎರಡಕ್ಕೆ ಇಳಿಸುವ ಬಗೆ ಹೇಗೆ?

ಕಿಟಕಿಯ ಗಾಜಿನ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ಹೊರಗಿನ ಕಂಬದ ತುದಿ ಗಾಜಿನಲ್ಲಿ ಎಲ್ಲಿ ಕಾಣುವುದೋ ಅಲ್ಲಿ ಮಸಿಯ ಚುಕ್ಕೆ ಇಡಿರಿ. ಕಣ್ಣು, ಚುಕ್ಕೆ, ಕಂಬದ ತುದಿ ಈ ಮೂರೂ ಒಂದೇ ಸರಳರೇಖೆಯಲ್ಲಿರುತ್ತವೆ. ಕಣ್ಣಿನಿಂದ ಗಾಜಿಗೆ ಇರುವ ಚಿಕ್ಕ ತ್ರಿಭುಜವೂ, ಕಣ್ಣಿನಿಂದ ಕಂಬಕ್ಕೆ ಇರುವ ದೊಡ್ಡ ತ್ರಿಭುಜವೂ ಸಮರೂಪ ತ್ರಿಭುಜಗಳು. ಗಾಜು 50 ಸೆಂಟಿಮೀಟರ್ ದೂರದಲ್ಲಿದ್ದು, ಕಂಬದ ತುದಿ 1000 ಸೆಂಟಿಮೀಟರ್ ದೂರದಲ್ಲಿ ಕಣ್ಣಿನ ಮಟ್ಟಕ್ಕಿಂತ 300 ಸೆಂಟಿಮೀಟರ್ ಮೇಲಿದ್ದರೆ, ಚುಕ್ಕೆಯ ಎತ್ತರ 300 × 50 ÷ 1000, ಅಂದರೆ 15 ಸೆಂಟಿಮೀಟರ್. ಕಂಬವನ್ನು ಎರಡರಷ್ಟು ದೂರಕ್ಕೆ ಒಯ್ದರೆ ಚುಕ್ಕೆ 7.5ಕ್ಕೆ ಇಳಿಯುತ್ತದೆ. ದೂರದಿಂದ ಭಾಗಿಸುವ ಈ ಒಂದು ಭಾಗಾಕಾರದಿಂದಲೇ ರೈಲು ಕಂಬಿಗಳು ದಿಗಂತದಲ್ಲಿ ಕೂಡಿದಂತೆ ಕಾಣುತ್ತವೆ.

ತಲೆ ತಿರುಗಿಸಿದಾಗ

ಕಲ್ಪಿತ ಜಗತ್ತಿನೊಳಗೆ ನಾವು ನಿಂತಿರುವಂತೆ ತೋರಬೇಕಾದರೆ ಇಷ್ಟೇ ಸಾಲದು. ತಲೆ ತಿರುಗಿಸಿದೊಡನೆ ನೋಟವೂ ತಿರುಗಬೇಕು. 1968ರಲ್ಲಿ ಸದರ್ಲೆಂಡರು ಬಾಬ್ ಸ್ಪ್ರೌಲ್ ಎಂಬ ವಿದ್ಯಾರ್ಥಿಯ ನೆರವಿನಿಂದ ತಲೆಗೆ ಧರಿಸುವ ಉಪಕರಣವೊಂದನ್ನು ರಚಿಸಿದರು. ಅದರಲ್ಲಿ ಎರಡು ಕಣ್ಣುಗಳಿಗೂ ಒಂದೊಂದು ಪುಟ್ಟ ಪರದೆಯಿತ್ತು. ಚಾವಣಿಯಿಂದ ಇಳಿಬಿಟ್ಟ ತೋಳೊಂದು ತಲೆಯ ಚಲನೆಯನ್ನು ಅಳೆಯುತ್ತಿತ್ತು. ಧರಿಸಿದವನಿಗೆ ಬರಿಯ ಗೆರೆಗಳ ಆಕೃತಿಯೊಂದು ಕೋಣೆಯ ನಡುವೆ ತೇಲುತ್ತಿರುವಂತೆ ಕಾಣುತ್ತಿತ್ತು.

ಇಲ್ಲಿಯ ಗುಟ್ಟು ಸುಲಭವಾದುದು. ನಾವು ಬಲಕ್ಕೆ 30 ಡಿಗ್ರಿ ತಿರುಗಿದರೆ, ಯಂತ್ರವು ಇಡೀ ಜಗತ್ತನ್ನೇ ಎಡಕ್ಕೆ 30 ಡಿಗ್ರಿ ತಿರುಗಿಸುತ್ತದೆ. ನೇರ ಮುಂದೆ 10 ಅಡಿ ದೂರದಲ್ಲಿದ್ದ ಬಿಂದು ಈಗ ಎಡಕ್ಕೆ 10 × ಸೈನ್ 30, ಅಂದರೆ 5 ಅಡಿಯಲ್ಲೂ, ಮುಂದಕ್ಕೆ 10 × ಕೊಸೈನ್ 30, ಅಂದರೆ ಸುಮಾರು 8.66 ಅಡಿಯಲ್ಲೂ ಇರುತ್ತದೆ. ಎಲ್ಲ ಬಿಂದುಗಳಿಗೂ ಹೀಗೆಯೇ ಲೆಕ್ಕಮಾಡಿ, ಮೇಲೆ ಹೇಳಿದ ಭಾಗಾಕಾರವನ್ನು ಮತ್ತೆ ನಡೆಸಿದರೆ ಹೊಸ ನೋಟ ಸಿದ್ಧವಾಗುತ್ತದೆ.

ಯಾವುದು ಮುಂದೆ, ಯಾವುದು ಹಿಂದೆ?

ಗೋಡೆಯ ಮುಂದೆ ಕಂಬವಿದ್ದರೆ ಕಂಬವು ಗೋಡೆಯನ್ನು ಮರೆಮಾಡುತ್ತದೆ. ಮಗುವಿಗೂ ತಿಳಿದ ಈ ವಿಷಯವು ಯಂತ್ರಕ್ಕೆ ತಿಳಿಯದು. ಇದಕ್ಕಾಗಿ ವಿದ್ವಾಂಸರು ಜಟಿಲವಾದ ಹಲವು ಉಪಾಯಗಳನ್ನು ಹೂಡಿದ್ದರು. 1974ರಲ್ಲಿ ಕ್ಯಾಟ್ಮಲ್ ತನ್ನ ಪ್ರಬಂಧದಲ್ಲಿಯೂ, ಅದೇ ವರ್ಷ ಬರ್ಲಿನ್ನಿನಲ್ಲಿ ವೋಲ್ಫ್‌ಗಾಂಗ್ ಷ್ಟ್ರಾಸರ್ ಸ್ವತಂತ್ರವಾಗಿಯೂ ವರ್ಣಿಸಿದ ಉಪಾಯ ಬಲು ಸರಳ. ಪರದೆಯ ಪ್ರತಿಯೊಂದು ಚುಕ್ಕೆಗೂ ಬಣ್ಣದ ಜೊತೆಗೆ ದೂರವನ್ನೂ ಒಂದು ಪಟ್ಟಿಯಲ್ಲಿ ಬರೆದಿಡತಕ್ಕದ್ದು. 700 ಸೆಂಟಿಮೀಟರ್ ದೂರದ ಗೋಡೆ ಬಂದಿತು. ಅದರ ಬಣ್ಣವನ್ನೂ ದೂರವನ್ನೂ ಬರೆಯಿರಿ. ಅದೇ ಚುಕ್ಕೆಗೆ 400ರ ಕಂಬ ಬಂದಿತು. 400 ಕಡಿಮೆಯಾದುದರಿಂದ ಹಳೆಯದನ್ನು ಅಳಿಸಿ ಹೊಸದನ್ನು ಬರೆಯಿರಿ. 900ರ ಮರ ಬಂದಿತು, ಅದನ್ನು ಬಿಟ್ಟುಬಿಡಿರಿ. ವಸ್ತುಗಳು ಯಾವ ಕ್ರಮದಲ್ಲಿ ಬಂದರೂ ಕೊನೆಗೆ ಉಳಿಯುವುದು ಎಲ್ಲಕ್ಕಿಂತ ಹತ್ತಿರದ್ದೇ.

ಯಂತ್ರದ ಸ್ಮರಣಕೋಶಗಳು ಬಹು ದುಬಾರಿಯಾಗಿದ್ದ ಆ ಕಾಲದಲ್ಲಿ ಇದು ದುಂದುವೆಚ್ಚವೆಂದು ತೋರಿತ್ತು. ಈಗಿನ ಸಾಮಾನ್ಯ ಪರದೆಯೊಂದರಲ್ಲಿ 1920 × 1080, ಅಂದರೆ 20,73,600 ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 60 ಚಿತ್ರಗಳಂತೆ ಬರೆಯುವಾಗ 12 ಕೋಟಿಗೂ ಮೀರಿದ ಚುಕ್ಕೆಗಳ ಬಣ್ಣವನ್ನು ನಿರ್ಣಯಿಸಬೇಕಾಗುತ್ತದೆ. ಸ್ಮರಣಕೋಶಗಳು ಅಗ್ಗವಾದ ಮೇಲೆ, ಅಂದು ದುಂದೆನಿಸಿದ ಉಪಾಯವೇ ಚಿತ್ರರಚನೆಯ ಯಂತ್ರಾಂಗಗಳಲ್ಲೆಲ್ಲ ನೆಲೆನಿಂತಿದೆ.

ಬೆಳಕು ಮತ್ತು ಕಣ್ಕಟ್ಟು

ಇನ್ನುಳಿದುದು ಬೆಳಕು. ಕತ್ತಲ ಕೋಣೆಯಲ್ಲಿ ಬಿಳಿಯ ರಟ್ಟಿನ ಮೇಲೆ ಟಾರ್ಚಿನ ಬೆಳಕು ಬಿಟ್ಟು, ರಟ್ಟನ್ನು ಮೆಲ್ಲನೆ ಓರೆಮಾಡಿರಿ. ಅದು ಮಸುಕಾಗುತ್ತ ಹೋಗುವುದು. 1760ರಲ್ಲಿಯೇ ಲ್ಯಾಂಬರ್ಟ್ ಎಂಬ ವಿಜ್ಞಾನಿ ಇದರ ನಿಯಮವನ್ನು ಪ್ರಕಟಿಸಿದ್ದನು. ಮೇಲ್ಮೈಗೆ ಎಳೆದ ಲಂಬಕ್ಕೂ ಬೆಳಕಿನ ದಿಕ್ಕಿಗೂ ನಡುವಣ ಕೋನದ ಕೊಸೈನ್ ಎಷ್ಟೋ, ಮೇಲ್ಮೈಯ ಬೆಳಗು ಅಷ್ಟು. ಬೆಳಕು ನೆಟ್ಟಗೆ ಬಿದ್ದರೆ ಪೂರ್ಣ. 60 ಡಿಗ್ರಿ ಓರೆಯಾದರೆ ಅರ್ಧ. 90 ಡಿಗ್ರಿಗೆ ಸೊನ್ನೆ.

ಆದರೆ ಚಪ್ಪಟೆಯಾದ ಬಹುಭುಜಗಳಿಂದ ಜೋಡಿಸಿದ ಕಾರಿಗೆ ಈ ನಿಯಮವನ್ನು ಹಾಗೆಯೇ ಅನ್ವಯಿಸಿದರೆ, ಒಂದೊಂದು ಮುಖಕ್ಕೂ ಒಂದೊಂದು ಬಣ್ಣ ಬಂದು, ಕಾರು ಕೆತ್ತಿದ ಕಲ್ಲಿನಂತೆ ಕಾಣುತ್ತದೆ. 1971ರಲ್ಲಿ ಹೆನ್ರಿ ಗುರೋ ಎಂಬ ಫ್ರೆಂಚ್ ವಿದ್ಯಾರ್ಥಿ, ಮೂಲೆಗಳಲ್ಲಿ ಮಾತ್ರ ಬೆಳಗನ್ನು ಲೆಕ್ಕಮಾಡಿ, ನಡುವಣ ಚುಕ್ಕೆಗಳಿಗೆ ಅದನ್ನು ಕ್ರಮವಾಗಿ ಹಂಚಿದನು. ವಿಯೆಟ್ನಾಮಿನ ಬುಯಿ ತುವಾಂಗ್ ಫಾಂಗ್ 1973ರ ತನ್ನ ಪ್ರಬಂಧದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟನು. ಬೆಳಗಿಗೆ ಬದಲಾಗಿ ಲಂಬದ ದಿಕ್ಕನ್ನೇ ಹಂಚಿ, ಚುಕ್ಕೆ ಚುಕ್ಕೆಗೂ ಬೆಳಗನ್ನು ಹೊಸದಾಗಿ ಲೆಕ್ಕಮಾಡಿದನು. ನಯವಾದ ಮೈಯ ಮಿರುಗನ್ನೂ ಲೆಕ್ಕಕ್ಕೆ ತಂದನು. 1975ರಲ್ಲಿ ಈ ತರುಣನು ಅಲ್ಪವಯಸ್ಸಿನಲ್ಲಿಯೇ ತೀರಿಕೊಂಡನು. ಅವನ ಹೆಸರು ಮಾತ್ರ ಇಂದಿಗೂ ಈ ವಿಧಾನಕ್ಕೆ ಅಂಟಿಕೊಂಡಿದೆ.

ಇದೊಂದು ಕಣ್ಕಟ್ಟೆಂಬುದನ್ನು ಮರೆಯಲಾಗದು. ಮೇಲ್ಮೈಯ ಆಕಾರ ಬದಲಾಗಿಲ್ಲ, ಬಣ್ಣವಷ್ಟೇ ನಯವಾಗಿದೆ. ಆಟವೊಂದರಲ್ಲಿ ದುಂಡಗಿನ ಕಂಬವನ್ನೋ ಚಕ್ರವನ್ನೋ ಕಂಡಾಗ ಅದರ ಅಂಚನ್ನು ದೃಷ್ಟಿಸಿ ನೋಡಿರಿ. ಎಷ್ಟೋ ವೇಳೆ ಅಂಚಿನಲ್ಲಿ ನೇರಗೆರೆಗಳ ಮೂಲೆಗಳು ಕಾಣುವುವು. ನಡುಭಾಗ ಮರೆಸಿದ ಸತ್ಯವನ್ನು ಅಂಚು ಹೇಳಿಬಿಡುತ್ತದೆ.

ವಿದ್ಯಾರ್ಥಿ ಎಲ್ಲಿಂದ ತೊಡಗಬೇಕು?

ಇಲ್ಲಿಯವರೆಗೆ ಬಳಸಿದ ಗಣಿತವಾವುದೂ ವಾಚಕರಿಗೆ ಹೊಸದಲ್ಲ. ಸಮರೂಪ ತ್ರಿಭುಜಗಳು, ನಿರ್ದೇಶಾಂಕಗಳು, ತ್ರಿಕೋನಮಿತಿ ಇವು ಹತ್ತನೆಯ ತರಗತಿಯ ಪಾಠಗಳು. ಮುಂದೆ ಬೇಕಾಗುವ ಸದಿಶಗಳೂ ಮಾತೃಕೆಗಳೂ ದ್ವಿತೀಯ ಪಿ.ಯು.ಸಿ.ಯಲ್ಲಿ ಬರುತ್ತವೆ. ಪರೀಕ್ಷೆಯ ನಂತರ ಇವುಗಳಿಂದ ಪ್ರಯೋಜನವೇನೆಂದು ಶಂಕಿಸುವವರಿಗೆ ಈ ವಿದ್ಯೆಯೇ ಉತ್ತರ.

2002ರಿಂದ ಮೂಲ ಸಂಕೇತದೊಡನೆ ಮುಕ್ತವಾಗಿ ದೊರೆಯುತ್ತಿರುವ ಬ್ಲೆಂಡರಿನಂಥ ತಂತ್ರಾಂಶಗಳಿಂದ ಮೊದಲ ದಿನವೇ ಅಂದವಾದ ಚಿತ್ರವನ್ನು ಪಡೆಯಬಹುದು. ಅದನ್ನು ಬೇಡವೆನ್ನುವವರಾರು? ಆದರೆ ಗುಂಡಿಗಳನ್ನು ಒತ್ತುವುದನ್ನಷ್ಟೇ ಕಲಿತವನು ಮೊದಲ ತೊಡಕಿನಲ್ಲಿಯೇ ನಿಂತುಬಿಡುತ್ತಾನೆ. ಗೋಡೆಯ ಮೇಲೆ ಅಂಟಿಸಿದ ಪಟವು ನೋಟ ಕದಲಿದಾಗಲೆಲ್ಲ ಮಿಣುಕುತ್ತಿದೆಯೆನ್ನಿರಿ. ಅವನಿಗೆ ಅದು ಯಂತ್ರದ ಹುಚ್ಚಾಟ. ದೂರಗಳ ಪಟ್ಟಿಯ ತತ್ತ್ವವನ್ನು ಅರಿತವನಿಗೆ ಕಾರಣ ಹೊಳೆಯುತ್ತದೆ: ಪಟಕ್ಕೂ ಗೋಡೆಗೂ ದೂರ ಹೆಚ್ಚುಕಡಿಮೆ ಒಂದೇ, ಪಟ್ಟಿಯಲ್ಲಿ ಬರೆಯುವ ಅಂಕಿಗಳಿಗೆ ಮಿತಿಯಿರುವುದರಿಂದ ಒಮ್ಮೆ ಇದು, ಒಮ್ಮೆ ಅದು ಗೆಲ್ಲುತ್ತಿದೆ. ಪಟವನ್ನು ಕೂದಲೆಳೆಯಷ್ಟು ಮುಂದಕ್ಕೆ ಸರಿಸಿದರೆ ತೊಡಕು ಸಾಮಾನ್ಯವಾಗಿ ತೀರುತ್ತದೆ.

ಆದುದರಿಂದ ಕಾಗದದಿಂದ ಪ್ರಾರಂಭಿಸಿರಿ. ಎಡಬಲಗಳಿಗೆ 10, ಮೇಲೆ ಕೆಳಗೆ 10, ಮುಂದಕ್ಕೆ 40ರಿಂದ 60ರವರೆಗೆ ಹರಡಿರುವ ಒಂದು ಘನವನ್ನು ಭಾವಿಸಿರಿ. ಪರದೆ 20ರ ದೂರದಲ್ಲಿರಲಿ. ಭಾಗಾಕಾರ ಮಾಡಿದರೆ ಹತ್ತಿರದ ಮೂಲೆಗಳು 5ಕ್ಕೂ, ದೂರದ ಮೂಲೆಗಳು 3.33ಕ್ಕೂ ಬರುತ್ತವೆ. ಚೌಕದೊಳಗೊಂದು ಚೌಕವನ್ನು ಬರೆದು ಮೂಲೆಗಳನ್ನು ಕೂಡಿಸಿದರೆ, ಪೆಟ್ಟಿಗೆಯೊಳಗೆ ಇಣುಕಿ ನೋಡಿದಂತಾಗುವುದು.

ಅನಂತರ ಮನೆಯ ಚೊಂಬನ್ನು ಎತ್ತಿಕೊಳ್ಳಿರಿ. ತಳದಿಂದ ಒಂದೊಂದು ಸೆಂಟಿಮೀಟರ್ ಎತ್ತರಕ್ಕೂ ಅದರ ಸುತ್ತ ದಾರ ಸುತ್ತಿ ಅಳೆಯಿರಿ. ದಾರ 44 ಸೆಂಟಿಮೀಟರ್ ಇದ್ದರೆ ಅಲ್ಲಿ ತ್ರಿಜ್ಯ 7. ಆ ತ್ರಿಜ್ಯವನ್ನು 0, 30, 60 ಎಂದು ಮುಂದುವರಿಯುವ ಕೋನಗಳ ಕೊಸೈನ್ ಸೈನ್‌ಗಳಿಂದ ಗುಣಿಸಿದರೆ ಪ್ರತಿಯೊಂದು ಸುತ್ತಿಗೂ 12 ಬಿಂದುಗಳು ದೊರೆಯುತ್ತವೆ. 15 ಸೆಂಟಿಮೀಟರ್ ಎತ್ತರದ ಚೊಂಬಿಗೆ ತಳವೂ ಬಾಯಿಯೂ ಸೇರಿ 16 ಸುತ್ತುಗಳು, 192 ಬಿಂದುಗಳು. ಪೈಥಾನ್ ಬಲ್ಲವರು ಇಷ್ಟನ್ನು ಪುಟ್ಟದೊಂದು ಕ್ರಮವಿಧಿಯಾಗಿ ಬರೆದುಬಿಡಬಹುದು. ಕಂಪ್ಯೂಟರ್ ಇಲ್ಲದವರು ನಾಲ್ಕಾರು ಸುತ್ತುಗಳನ್ನು ಆಯ್ದುಕೊಂಡು ಕೈಯಿಂದಲೇ ಲೆಕ್ಕಮಾಡಬಹುದು. ಅಂಕಿಗಳ ನಡುವಿನಿಂದ ಚೊಂಬಿನ ಹೊಟ್ಟೆಯೂ ಕಂಠವೂ ಮೆಲ್ಲನೆ ಎದ್ದುಬರುವುದನ್ನು ಒಮ್ಮೆ ಕಂಡ ವಿದ್ಯಾರ್ಥಿಗೆ ಮುಂದಿನ ಪಾಠಗಳು ಭಾರವೆನಿಸಲಾರವು.