ಶಾಲೆಯ ಕಂಪ್ಯೂಟರಿನಲ್ಲಿ ಹಾರಾಟದ ಪಾಠ

ಆಷಾಢದ ಗಾಳಿಯಲ್ಲಿ ಗಾಳಿಪಟ ಬಿಟ್ಟ ಹುಡುಗನಿಗೆ ಸೂತ್ರ ಕಟ್ಟುವ ಗುಟ್ಟು ತಿಳಿದಿರುತ್ತದೆ. ಸೂತ್ರವನ್ನು ಒಂದು ಬೆರಳಿನಷ್ಟು ಮೇಲೆ ಕೆಳಗೆ ಮಾಡಿದರೂ ಪಟವು ಗಾಳಿಗೆ ಒಡ್ಡಿಕೊಳ್ಳುವ ಓರೆ ಬದಲಾಗುತ್ತದೆ. ಓರೆ ಸರಿಯಾಗಿದ್ದರೆ ಪಟ ಏರುತ್ತದೆ. ತಪ್ಪಿದರೆ ಎಷ್ಟು ಓಡಿದರೂ ಏರುವುದಿಲ್ಲ. ವಿಮಾನದ ರೆಕ್ಕೆಯ ಗುಟ್ಟೂ ಬಹುಮಟ್ಟಿಗೆ ಇದೇ. ಇದನ್ನು ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳಿಗೆ ಅಂತರ್ಜಾಲದ ಮೂಲಕ ಕಲಿಸಲು ಈಗ ಒಳ್ಳೆಯ ಸಾಧನಗಳುಂಟು. ಅವುಗಳಲ್ಲಿ ಒಂದನ್ನು ಹಳ್ಳಿಯ ಶಾಲೆಯಲ್ಲಿ ಬಳಸುವ ಬಗೆಯನ್ನು ಇಲ್ಲಿ ತಿಳಿಸುತ್ತೇನೆ.

ಬೇಸಾಯದ ಡಿಪ್ಲೊಮಾ ಓದಿದವನಿಗೆ ವಿಮಾನದ ಗೊಡವೆ ಏಕೆಂದು ಹಿರಿಯರು ಕೇಳಬಹುದು. ಗೊಡವೆ ನಮ್ಮ ಗದ್ದೆಗೇ ಬಂದಿದೆ. ಬೆಳೆಗೆ ಔಷಧಿ ಸಿಂಪಡಿಸುವ ಡ್ರೋನುಗಳನ್ನು ಅನೇಕರು ನೋಡಿದ್ದೀರಿ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಒದಗಿಸುವ ಯೋಜನೆಗೆ ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿತು. 2021ರ ಡ್ರೋನ್ ನಿಯಮಗಳ ಪ್ರಕಾರ ಇಂಥ ಯಂತ್ರ ಹಾರಿಸುವ ಪ್ರಮಾಣಪತ್ರಕ್ಕೆ 18 ವರ್ಷ ತುಂಬಿರಬೇಕು, ಹತ್ತನೆಯ ತರಗತಿ ಪಾಸಾಗಿರಬೇಕು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿಯಾಗಿರಬೇಕು. ಈಗ ಎಂಟನೆಯ ತರಗತಿಯಲ್ಲಿರುವ ಹುಡುಗಿಗೆ ಆ ವಯಸ್ಸು ಬರಲು ನಾಲ್ಕೈದು ವರ್ಷ ಸಾಕು. ಆಗ ಹೊರಗಿನವರು ಬಂದು ಡ್ರೋನು ಹಾರಿಸಿ ಬಾಡಿಗೆ ಕಟ್ಟಿಕೊಂಡು ಹೋಗುವರೋ, ನಮ್ಮೂರ ಮಕ್ಕಳೇ ಹಾರಿಸುವರೋ? ಬೆಂಗಳೂರಿನಲ್ಲಿ 1940ರಿಂದಲೇ ವಿಮಾನ ಕಾರ್ಖಾನೆಯಿದ್ದರೂ ನಮ್ಮ ಹಳ್ಳಿಗಳಿಗೆ ವಿಮಾನವೆಂದರೆ ತಲೆಯೆತ್ತಿ ನೋಡುವ ವಸ್ತುವಾಗಿಯೇ ಉಳಿದಿದೆ.

ವಿಮಾನ ಕಟ್ಟಿದ ಮೊದಲಿಗರು ದೊಡ್ಡ ಕಾಲೇಜಿನಲ್ಲಿ ಓದಿದವರಲ್ಲ. ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಸಹೋದರರು. 1900 ಮತ್ತು 1901ರಲ್ಲಿ ಅವರು ಮಾಡಿದ ಇಂಜಿನಿಲ್ಲದ ವಿಮಾನಗಳು ಲೆಕ್ಕಕ್ಕೆ ತಕ್ಕಂತೆ ಏಳಲಿಲ್ಲ. ಆಗ ಅವರು ಆರು ಅಡಿ ಉದ್ದದ ಮರದ ಪೆಟ್ಟಿಗೆಯೊಂದನ್ನು ಮಾಡಿ ಅದರೊಳಗೆ ಫ್ಯಾನಿನಿಂದ ಗಾಳಿ ಹಾಯಿಸಿದರು. ಸುಮಾರು 200 ಬಗೆಯ ಚಿಕ್ಕ ರೆಕ್ಕೆಗಳನ್ನು ಒಂದೊಂದಾಗಿ ಒಳಗಿಟ್ಟು, ಗರಗಸದ ಅಲಗು, ಸೈಕಲ್ ಕಡ್ಡಿಗಳಿಂದ ಮಾಡಿದ ತಕ್ಕಡಿಯಲ್ಲಿ ಯಾವುದು ಎಷ್ಟು ಎತ್ತುತ್ತದೆಂದು ಅಳೆದರು. 1903ರ ಡಿಸೆಂಬರ್ 17ರಂದು ಅವರ ವಿಮಾನ ಮೊದಲ ಸಲ 12 ಸೆಕೆಂಡು ಹಾರಿತು. ಅದೇ ದಿನದ ನಾಲ್ಕನೆಯ ಹಾರಾಟ 59 ಸೆಕೆಂಡು ನಡೆಯಿತು.

ಅಂಥ ಗಾಳಿಪೆಟ್ಟಿಗೆಯೇ ಈಗ ಕಂಪ್ಯೂಟರಿನಲ್ಲಿ ಸಿಗುತ್ತದೆ. ಓಹಾಯೊ ರಾಜ್ಯದಲ್ಲಿಯೇ ಇರುವ ನಾಸಾ ಸಂಸ್ಥೆಯ ಗ್ಲೆನ್ ಸಂಶೋಧನಾ ಕೇಂದ್ರದವರು ವಿದ್ಯಾರ್ಥಿಗಳಿಗಾಗಿ ಮಾಡಿರುವ ಇದರ ಹೆಸರು ಫಾಯಿಲ್‌ಸಿಮ್. ಹಣ ಕೊಡಬೇಕಾಗಿಲ್ಲ. ಪರದೆಯ ಮೇಲೆ ರೆಕ್ಕೆಯ ಅಡ್ಡಕೊಯ್ತವೂ ಅದರ ಸುತ್ತ ಹರಿಯುವ ಗಾಳಿಯೂ ಕಾಣುತ್ತವೆ. ಗಾಳಿಯ ವೇಗ, ರೆಕ್ಕೆಯ ಓರೆ, ಬಾಗು, ದಪ್ಪ, ವಿಸ್ತೀರ್ಣ, ಹಾರುವ ಎತ್ತರ ಇವನ್ನು ಬದಲಾಯಿಸಿದಂತೆಲ್ಲ ಎತ್ತುವ ಬಲದ ಅಂಕಿ ಬದಲಾಗುತ್ತದೆ.

ಆದರೆ ಮಕ್ಕಳನ್ನು ಪರದೆಯ ಮುಂದೆ ಸುಮ್ಮನೆ ಕೂರಿಸಿದರೆ ಎಲ್ಲ ಗುಂಡಿಗಳನ್ನೂ ಒಮ್ಮೆಗೇ ಎಳೆದಾಡಿ, ಚಿತ್ರ ನೋಡಿ, ಎದ್ದು ಹೋಗುತ್ತಾರೆ. ಇಲ್ಲಿ ನಮ್ಮ ಪ್ರಾತ್ಯಕ್ಷಿಕೆ ತಾಕಿನ ನಿಯಮವನ್ನೇ ಹಿಡಿಯಬೇಕು. ಹೊಸ ಬೀಜ, ಹೊಸ ಗೊಬ್ಬರ ಎರಡನ್ನೂ ಒಂದೇ ತಾಕಿಗೆ ಹಾಕಿದರೆ ಇಳುವರಿ ಯಾವುದರಿಂದ ಹೆಚ್ಚಿತೆಂದು ಯಾರೂ ಹೇಳಲಾರರು. ಹಾಗೆಯೇ ಇಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸತಕ್ಕದ್ದು. ಬದಲಾಯಿಸುವ ಮೊದಲು ಏನಾಗಬಹುದೆಂದು ಪ್ರತಿಯೊಬ್ಬರೂ ಪುಸ್ತಕದಲ್ಲಿ ಬರೆಯತಕ್ಕದ್ದು. ವೇಗವನ್ನು ಇಮ್ಮಡಿ ಮಾಡಿದರೆ ಎತ್ತುವ ಬಲ ಎಷ್ಟಾದೀತು? ಹೆಚ್ಚಿನವರು ಇಮ್ಮಡಿ ಎಂದೇ ಬರೆಯುತ್ತಾರೆ. ಪರದೆಯಲ್ಲಿ ಬರುವುದು ನಾಲ್ಮಡಿ. ಬರೆದದ್ದು ಸುಳ್ಳಾದಾಗಲೇ ಮಗು ‘ಯಾಕೆ ಸಾರ್?’ ಎಂದು ಕೇಳುವುದು. ಪಾಠ ಅಲ್ಲಿಂದ ಆರಂಭವಾಗುತ್ತದೆ.

ಎತ್ತರವನ್ನು ಬದಲಾಯಿಸಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಬೆಂಗಳೂರಿನ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ 900 ಮೀಟರಿಗೂ ಹೆಚ್ಚು ಮೇಲಿದೆ. ಅಲ್ಲಿಯ ಗಾಳಿ ಕಡಲ ಮಟ್ಟದ ಗಾಳಿಗಿಂತ ಸುಮಾರು ಶೇಕಡಾ 8ರಷ್ಟು ತೆಳು. ಆದುದರಿಂದ ಅದೇ ಭಾರದ ವಿಮಾನ ಮಂಗಳೂರಿಗಿಂತ ಬೆಂಗಳೂರಿನಲ್ಲಿ ಸ್ವಲ್ಪ ಹೆಚ್ಚು ವೇಗದಲ್ಲಿ ಓಡಿ ಏಳಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಓರೆ. ಓರೆ ಹೆಚ್ಚಿಸಿದಂತೆ ಎತ್ತುವ ಬಲ ಹೆಚ್ಚುತ್ತ ಹೋಗುತ್ತದೆ. ಆದರೆ ಸುಮಾರು 15 ಡಿಗ್ರಿಯ ಆಸುಪಾಸಿನಲ್ಲಿ ಗಾಳಿ ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯದೆ ಬಿಟ್ಟುಹೋಗುತ್ತದೆ, ಬಲ ಕುಸಿಯುತ್ತದೆ. ಇದಕ್ಕೆ ಸ್ಟಾಲ್ ಎಂದು ಹೆಸರು. ಇಂಜಿನು ನಿಲ್ಲುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಉಪಾಧ್ಯಾಯರಲ್ಲಿ ಒಂದು ಅರಿಕೆ. ರೆಕ್ಕೆಯ ಮೇಲ್ಭಾಗ ಉಬ್ಬಿರುವುದರಿಂದ ಮೇಲಿನ ಗಾಳಿ ಹೆಚ್ಚು ದಾರಿ ನಡೆದು, ಕೆಳಗಿನ ಗಾಳಿಯನ್ನು ಅದೇ ಹೊತ್ತಿಗೆ ಸೇರಲು ಬೇಗ ಓಡುತ್ತದೆ, ಆದ್ದರಿಂದ ವಿಮಾನ ಏಳುತ್ತದೆ ಎಂದು ಎಷ್ಟೋ ಪುಸ್ತಕಗಳಲ್ಲಿದೆ. ಇದು ತಪ್ಪು, ಗ್ಲೆನ್ ಕೇಂದ್ರದ ಪುಟಗಳಲ್ಲಿಯೇ ಇದನ್ನು ತಪ್ಪೆಂದು ವಿವರಿಸಿದೆ. ಮೇಲಿನ ಗಾಳಿ ಬೇಗ ಹರಿಯುವುದು ನಿಜ, ಆದರೆ ಎರಡೂ ಒಟ್ಟಿಗೆ ಸೇರಬೇಕೆಂಬ ಕಟ್ಟಳೆಯಿಲ್ಲ. ಅದು ನಿಜವಾಗಿದ್ದರೆ ವಿಮಾನ ಮಗುಚಿಕೊಂಡು ಹಾರಲು ಸಾಧ್ಯವೇ ಇರುತ್ತಿರಲಿಲ್ಲ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ ಎಂದರೆ ಮಕ್ಕಳಿಗೆ ಸಾಕು. ಬಯಲಿನಲ್ಲಿ ಗಾಳಿ ಬೀಸುವಾಗ ಮೊರವೊಂದನ್ನು ಎರಡು ಕೈಯಲ್ಲಿ ಹಿಡಿಸಿ ನೋಡಿ. ಅಂಚನ್ನು ಗಾಳಿಗೆ ನೇರವಾಗಿ ಹಿಡಿದರೆ ಹೆಚ್ಚೇನೂ ತೋರದು. ಅಂಚನ್ನು ತುಸು ಎತ್ತಿದ ಕೂಡಲೆ ಮೊರ ಮೇಲೆದ್ದು ಬರುತ್ತದೆ. ಡ್ರೋನಿನ ತಿರುಗುವ ಅಲಗುಗಳು ಮಾಡುವುದೂ ಇದನ್ನೇ.

ಇರುವುದು ಒಂದೇ ಕಂಪ್ಯೂಟರು, ಮಕ್ಕಳು ನಲವತ್ತು ಎಂಬ ಕಷ್ಟ ಹಲವು ಕಡೆ ಇದೆ. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ, ಗುಂಪಿಗೆ ಹತ್ತು ನಿಮಿಷ ಕೊಡಿ. ಶಾಲೆಯಲ್ಲಿ ಅನುಕೂಲವಿಲ್ಲದಿದ್ದರೆ ಕಂಪ್ಯೂಟರಿರುವ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕರನ್ನು ಮೊದಲೇ ಕೇಳಿಕೊಳ್ಳಬಹುದು. ಹುಡುಗರೇ ಮೌಸ್ ಹಿಡಿದು ಹುಡುಗಿಯರು ಹಿಂದೆ ನಿಲ್ಲುವುದು ಸಾಮಾನ್ಯ. ಸರದಿಯನ್ನು ಉಪಾಧ್ಯಾಯರೇ ಗೊತ್ತುಮಾಡಬೇಕು. ಸರದಿ ಬಾರದವರು, ಕರೆಂಟು ಹೋದರೆ ಎಲ್ಲರೂ, ಕಾಗದದ ವಿಮಾನ ಮಾಡಿ ಒಂದೊಂದನ್ನು ಹತ್ತು ಸಲ ಎಸೆದು ದೂರವನ್ನು ಅಳೆಯಲಿ. ರೆಕ್ಕೆಯ ಹಿಂದಿನ ಅಂಚನ್ನು ಹೆಚ್ಚು ಮೇಲಕ್ಕೆ ಮಡಿಸಿದರೆ ಅದು ಮೂಗೆತ್ತಿ ಏರಿ, ಗಳಿಗೆ ನಿಂತು, ಕೆಳಕ್ಕೆ ಬೀಳುತ್ತದೆ. ಪರದೆಯಲ್ಲಿ ಅಂಕಿ ಕುಸಿದದ್ದು ಇದೇ ಎಂದು ಆಗ ತೋರಿಸಬೇಕು. ಮೂಗಿಗೆ ಒಂದು ಕಾಗದದ ಕ್ಲಿಪ್ಪು ಸಿಕ್ಕಿಸಿ ಮತ್ತೆ ಎಸೆಯಲಿ.

ಪರದೆಯ ಮಾತುಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಇಷ್ಟನ್ನು ಮೊದಲೇ ಕಪ್ಪುಹಲಗೆಯ ಮೇಲೆ ಬರೆದಿಡಬೇಕು: ಲಿಫ್ಟ್ ಎಂದರೆ ಎತ್ತುವ ಬಲ, ಡ್ರ್ಯಾಗ್ ಎಂದರೆ ಹಿಂದಕ್ಕೆಳೆಯುವ ಬಲ, ಸ್ಪೀಡ್ ಎಂದರೆ ವೇಗ, ಆ್ಯಂಗಲ್ ಎಂದರೆ ಓರೆ, ಕ್ಯಾಂಬರ್ ಎಂದರೆ ಬಾಗು, ಆಲ್ಟಿಟ್ಯೂಡ್ ಎಂದರೆ ಎತ್ತರ.