ಎಲೆ ಯಾಕೆ ಅಂಟುತ್ತೆ? ಒಂದು ಆರ್ಕಿಡ್ ಡೀಬಗ್ ಮಾಡಿದ ಕಥೆ

ರಾಮನಗರದ ನಮ್ಮ ಹಾಸ್ಟೆಲ್ ಬಾಲ್ಕನಿಯಲ್ಲಿ ನಾಲ್ಕು ಜನ ಸೇರಿ ಒಂದು ಫೆಲನಾಪ್ಸಿಸ್ ಆರ್ಕಿಡ್ ಸಾಕಿದ್ದೀವಿ. ಕಳೆದ ಸೆಮಿಸ್ಟರ್‌ನಲ್ಲಿ ಅದರ ಎಲೆ ಮುಟ್ಟಿದ್ರೆ ಅಂಟು ಅಂಟು. ಯಾರೋ ಜ್ಯೂಸ್ ಚೆಲ್ಲಿರಬೇಕು ಅಂದ್ಕೊಂಡು ಒರೆಸಿದ್ವಿ. ನಾಲ್ಕೇ ದಿನಕ್ಕೆ ಮತ್ತೆ ಅಂಟು. ಆಮೇಲೆ ಮಸಿ ಬಳಿದ ಹಾಗೆ ಕಪ್ಪು ಬೇರೆ. ಸ್ಟ್ರಾಂಗಾಗಿರೋ ಕೀಟನಾಶಕ ತಂದು ಹೊಡೆದೇಬಿಡೋಣ ಅನ್ನೋ ಮಾತೂ ಬಂತು. ಹೊಡೆಯೋ ಮೊದಲು ಕೂತು ಓದಿದ್ದು ಒಳ್ಳೇದಾಯ್ತು.

ಈ ಅಂಟು ಎಲ್ಲಿಂದ ಬರುತ್ತೆ?

ಎಲೆಯಲ್ಲಿ ತಯಾರಾದ ಸಕ್ಕರೆ ಗಿಡದ ಉಳಿದ ಭಾಗಗಳಿಗೆ ಹೋಗೋದು ಫ್ಲೋಯಮ್ ನಾಳಗಳ ಮೂಲಕ. ಅಲ್ಲಿನ ಒತ್ತಡ ಕಾರಿನ ಟೈರಿನ ಒತ್ತಡಕ್ಕಿಂತ ಎಷ್ಟೋ ಹೆಚ್ಚಿರಬಹುದು. ಹಿಟ್ಟು ತಿಗಣೆ, ಸಸ್ಯಹೇನು, ಬಿಳಿ ನೊಣ, ಮೆತ್ತನೆಯ ಶಲ್ಕ ಕೀಟ, ಇವೆಲ್ಲ ಸೂಜಿಯಂಥ ಬಾಯಿಂದ ಈ ಪೈಪ್‌ಲೈನಿಗೇ ಚುಚ್ಚುತ್ತವೆ. ರಸದಲ್ಲಿ ಸಕ್ಕರೆ ಜಾಸ್ತಿ, ಅಮೈನೋ ಆಮ್ಲ ಕಮ್ಮಿ. ಬೇಕಾದಷ್ಟು ಅಮೈನೋ ಆಮ್ಲ ಸಿಗಬೇಕಾದ್ರೆ ಹುಳ ಬಹಳ ರಸ ಕುಡೀಬೇಕು. ಹೆಚ್ಚಾದ ಸಕ್ಕರೆ ನೀರು ಹಿಂದಿನಿಂದ ಹನಿ ಹನಿಯಾಗಿ ಹೊರಗೆ ಬರುತ್ತೆ. ನಾವು ಜ್ಯೂಸ್ ಅಂದ್ಕೊಂಡಿದ್ದು ಇದನ್ನೇ!

ಆ ಸಿಹಿಗೆ ಇರುವೆ ಬರುತ್ತೆ, ಹುಳಗಳನ್ನ ಕಾವಲು ಕಾಯುತ್ತೆ. ಕಪ್ಪು ಬೂಷ್ಟು ಕೂಡ ಆ ಸಕ್ಕರೆ ಮೇಲೆ ಬೆಳೆಯೋದೇ ಹೊರತು ಎಲೆ ಒಳಗೆ ಇಳಿಯಲ್ಲ. ಆದರೆ ಬೆಳಕಿಗೆ ಅಡ್ಡ ಬರುತ್ತೆ.

ಹುಡುಕೋದು ಹೇಗೆ?

1. ಹೂವಿನ ದಂಟು, ಮೊಗ್ಗಿನ ಹತ್ತಿರ ಮಾತ್ರ ತಿಳಿಯಾದ ಹನಿ ಇದ್ದು ಹುಳ ಒಂದೂ ಇಲ್ವಾ? ಅದು ಆರ್ಕಿಡ್ ತಾನೇ ಸುರಿಸೋ ಮಕರಂದ. ಏನೂ ಮಾಡಬೇಡಿ.
2. ಎಲೆ ಬುಡದ ಸಂದಿಯಲ್ಲಿ ಹತ್ತಿಯಂಥ ಬಿಳಿ ಉಂಡೆ ಇದ್ರೆ ಹಿಟ್ಟು ತಿಗಣೆ.
3. ಎಲೆಯ ಕೆಳಗೆ, ನಡುನರದ ಪಕ್ಕ ಉಗುರಿಂದ ಕೆರೆದ್ರೆ ಏಳೋ ಕಂದು ಗುಬುಟು ಇದ್ರೆ ಶಲ್ಕ ಕೀಟ. ಗಟ್ಟಿ ಚಿಪ್ಪಿನ ಶಲ್ಕ ಕೀಟ ಅಂಟು ಸುರಿಸಲ್ಲ, ಮೆತ್ತನೆಯದು ಮಾತ್ರ ಸುರಿಸುತ್ತೆ.
4. ಎಳೆ ಮೊಗ್ಗಿನ ಮೇಲೆ ಗುಂಪಾಗಿ ಕೂತ ಹಸಿರು, ಕಪ್ಪು ಚುಕ್ಕಿಗಳು ಸಸ್ಯಹೇನು.

ಹುಳ ಸಿಕ್ಕಿದ್ರೆ ಮೊದಲು ಕುಂಡವನ್ನ ಬೇರೆ ಗಿಡಗಳಿಂದ ದೂರ ಇಡಿ. ಹತ್ತಿ ಕಡ್ಡಿಯನ್ನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದೇ ಹುಳಕ್ಕೆ ಮುಟ್ಟಿಸಿ ತೆಗೀರಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪು ಬೆರೆಸಿ, ಒಂದು ಎಲೆ ಮೇಲೆ ಟೆಸ್ಟ್ ಮಾಡಿ, ಆಮೇಲೆ ಸಂಜೆ ಹೊತ್ತು ಸಿಂಪಡಿಸಿ. ಗಿಡದ ಸುಳಿಯಲ್ಲಿ ನೀರು ನಿಂತ್ರೆ ಕೊಳೆಯುತ್ತೆ, ಒರೆಸಿಬಿಡಿ. ಮೊಟ್ಟೆಗಳು ಒಡೀತಾ ಇರೋದ್ರಿಂದ ವಾರಕ್ಕೊಂದು ಸಲ, ನಾಲ್ಕು ವಾರ ಮಾಡಬೇಕು.

ನಮ್ಮ ಗಿಡದಲ್ಲಿ ಹುಳವೇ ಇರಲಿಲ್ಲ

ಎಲೆ ತಿರುಗಿಸಿದ್ವಿ, ಬೇರು ನೋಡಿದ್ವಿ, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದ್ವಿ. ಒಂದೂ ಇಲ್ಲ. ಆದರೆ ಅಂಟು ಇದ್ದಿದ್ದು ಎಲೆಯ ಮೇಲ್ಭಾಗದಲ್ಲಿ ಮಾತ್ರ. ಅಂದ್ರೆ ಮೇಲಿಂದ ಬೀಳ್ತಿದೆ! ತಲೆ ಎತ್ತಿದ್ರೆ ಬಾಲ್ಕನಿಗೆ ವಾಲಿಕೊಂಡಿದ್ದ ತೆಂಗಿನ ಗರಿ. ಅದರ ಅಡಿಯಲ್ಲಿ ಸುರುಳಿ ಸುರುಳಿಯಾಗಿ ಬಿಳಿ ಮೇಣ. ಅದು ತೆಂಗಿನ ಸುರುಳಿ ಬಿಳಿ ನೊಣ. ಮಧ್ಯ ಅಮೆರಿಕದ ಕಡೆಯ ಈ ಕೀಟ ಭಾರತದಲ್ಲಿ ಮೊದಲು ಕಂಡಿದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯಲ್ಲಿ. ಚನ್ನಪಟ್ಟಣದ ಕಡೆ ಬಸ್ಸಲ್ಲಿ ಹೋಗುವಾಗ ಕಪ್ಪಾಗಿರೋ ತೆಂಗಿನ ಗರಿ ಕಂಡ್ರೆ ಕಾರಣ ಇದೇ ಇರಬಹುದು.

ಈಗ ತೆಂಗಿಗೆ ಕೀಟನಾಶಕ ಹೊಡೆಯೋದಾ? ಎರಡು ಕಾರಣಕ್ಕೆ ಬೇಡ ಅಂದ್ವಿ. ಒಂದು, ಎನ್ಕಾರ್ಸಿಯಾ ಅನ್ನೋ ಪುಟ್ಟ ಕಣಜ ಬಿಳಿ ನೊಣದ ಮರಿಯೊಳಗೇ ಮೊಟ್ಟೆ ಇಟ್ಟು ಅದನ್ನ ಕೊಲ್ಲುತ್ತೆ. ವಿಷ ಹೊಡೆದ್ರೆ ಮೊದಲು ಈ ಕಣಜಕ್ಕೇ ಕುತ್ತು. ಎರಡು, ನಮ್ಮ ಕಾಂಪೌಂಡ್ ಆಚೆ ಹಿಪ್ಪುನೇರಳೆ ತೋಟ ಇದೆ. ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳ ಹಗಲೂ ರಾತ್ರಿ ಸೊಪ್ಪು ತಿನ್ನೋ ಹೊತ್ತಲ್ಲಿ ಗಾಳಿಗೆ ಹಾರಿದ ವಿಷ ಆ ಸೊಪ್ಪಿನ ಮೇಲೆ ಕೂತ್ರೆ, ಒಂದು ಮನೆಯವರ ತಿಂಗಳ ದುಡಿಮೆ ಹೋಗುತ್ತೆ. ಗೂಡು ಮಾರ್ಕೆಟ್ಟಿಗೆ ತಗೊಂಡು ಹೋಗೋಕೆ ಏನೂ ಉಳಿಯಲ್ಲ.

ಹಿಪ್ಪುನೇರಳೆಗೂ ಹಿಟ್ಟು ತಿಗಣೆ ಕಾಟ ಇದೆ, ಅದರಿಂದ ಸುಳಿ ಮುರುಟೋದಕ್ಕೆ ತುಕ್ರಾ ಅಂತಾರೆ. ಅಲ್ಲೂ ಮುರುಟಿದ ಸುಳಿ ಕಿತ್ತು ನಾಶ ಮಾಡೋದು, ಕ್ರಿಪ್ಟೊಲೀಮಸ್ ಅನ್ನೋ ಗುಲಗಂಜಿ ಹುಳು ಬಿಡೋದು ರೂಢಿ. 1898ರಲ್ಲೇ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಹುಳು ಅದು.

ಕೊನೆಗೆ ನಾವು ಮಾಡಿದ್ದು ಇಷ್ಟೇ. ಕುಂಡವನ್ನ ಗರಿಯ ನೆರಳಿಂದ ಆರಡಿ ಪಕ್ಕಕ್ಕೆ ಇಟ್ವಿ, ಎಲೆಗಳನ್ನ ಒದ್ದೆ ಬಟ್ಟೆಯಿಂದ ಒರೆಸಿದ್ವಿ. ಅಂಟು ಮತ್ತೆ ಬರಲಿಲ್ಲ. ಕೋಡ್‌ನಲ್ಲಿ ಎರರ್ ತೋರಿಸೋ ಸಾಲಲ್ಲೇ ತಪ್ಪಿರುತ್ತೆ ಅಂತೇನಿಲ್ವಲ್ಲ, ಇದೂ ಹಾಗೇ. ನಿಮ್ಮ ಗಿಡ ಅಂಟಿದ್ರೆ ಮೊದಲು ಎಲೆ ತಿರುಗಿಸಿ ನೋಡಿ. ಅಲ್ಲೇನೂ ಸಿಗದಿದ್ರೆ ತಲೆ ಎತ್ತಿ ನೋಡಿ.